ಯಾರಿಗೂ ಹೇಳದೆ ಹೋದ ಮಿಲ್ಲುಗಳು

2025ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ. ಚಳ್ಳಕೆರೆಯ ಹೋಟೆಲೊಂದರಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ನಾಲ್ಕೈದು ಜನ ಪೇಪರು ಹಂಚಿಕೊಂಡು ಓದುತ್ತಿದ್ದೆವು. ಬೆಂಗಳೂರಿನ ಬ್ಲ್ಯಾಕ್‌ಬಕ್ ಕಂಪನಿಯ ಮುಖ್ಯಸ್ಥರು, ಒಂಬತ್ತು ವರ್ಷ ಇದ್ದ ಬೆಳ್ಳಂದೂರಿನಿಂದ ಹೊರಡುತ್ತೇವೆ, ಈ ಗುಂಡಿ, ಈ ದೂಳು, ಈ ಟ್ರಾಫಿಕ್ಕು ಸಾಕು ಎಂದು ಪೋಸ್ಟು ಹಾಕಿದ್ದರು. ಆಂಧ್ರದ ಸಚಿವ ನಾರಾ ಲೋಕೇಶ್ ತಡಮಾಡದೆ ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆದಿದ್ದರು. ಡಿ.ಕೆ. ಶಿವಕುಮಾರ್ ಅವರು ಬ್ಲ್ಯಾಕ್‌ಮೇಲಿಗೆಲ್ಲ ಬಗ್ಗುವುದಿಲ್ಲ ಎಂದಿದ್ದರು. ಬ್ಲ್ಯಾಕ್‌ಬಕ್ ಎಂದರೆ ನಮ್ಮ ಕಾವಲುಗಳಲ್ಲಿ ಮೇಯುವ ಕೃಷ್ಣಮೃಗ ಎಂದು ಒಬ್ಬರು ಜ್ಞಾನ ಹಂಚಿದರು. ನಲವತ್ತು ವರ್ಷ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆದ ಗುಮಾಸ್ತರೊಬ್ಬರು ಮೂಲೆಯಲ್ಲಿ ಕೂತಿದ್ದರು. ಪೇಪರು ಮಡಚಿಟ್ಟು ಅವರು ಹೇಳಿದ್ದು ಇಷ್ಟು: "ಹೋಗ್ತೀವಿ ಹೋಗ್ತೀವಿ ಅಂತ ಡಂಗುರ ಹೊಡೆಯೋರು ಎಲ್ಲೂ ಹೋಗಲ್ಲ ಕಣಪ್ಪ. ನಮ್ಮ ಮಿಲ್ಲುಗಳು ಯಾರಿಗೆ ಹೇಳಿ ಹೋದವು?"

ಅವರು ಅಂದಂತೆಯೇ ಆಯಿತು. ನಾವು ಬೆಂಗಳೂರು ಬಿಡುತ್ತಿಲ್ಲ, ನಗರದೊಳಗೇ ಜಾಗ ಬದಲಿಸುತ್ತಿದ್ದೇವೆ ಎಂದು ಆ ಕಂಪನಿ ಆಮೇಲೆ ಸ್ಪಷ್ಟನೆ ಕೊಟ್ಟಿತು. ಆ ವರ್ಷದ ಸಿಂಹಾವಲೋಕನಕ್ಕೆ ಬರೆಯಲು ವಿಷಯ ಹುಡುಕುತ್ತಿದ್ದ ನನಗೆ ಮಾತ್ರ ಗುಮಾಸ್ತರ ಪ್ರಶ್ನೆ ತಲೆಯಲ್ಲೇ ಉಳಿಯಿತು. ಕಾಡಿನಲ್ಲಿ ನಡೆಯುವ ಸಿಂಹ ಆಗಾಗ ನಿಂತು ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡುತ್ತದಂತೆ. ಹಾಗೆ ತಿರುಗಿ ನೋಡಿದರೆ ಚಳ್ಳಕೆರೆಗೆ ಕಾಣುವುದು ಒಂದು ವರ್ಷವಲ್ಲ, ಮೂವತ್ತು ವರ್ಷ.

ಈಗಿನ ಹುಡುಗರಿಗೆ ಹೇಳಿದರೆ ನಂಬುವುದು ಕಷ್ಟ. ಈ ಊರಿಗೆ 'ಎಣ್ಣೆ ನಗರಿ' ಎಂಬ ಹೆಸರಿತ್ತು. ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ನಾವೇ ಎಂಬ ಹೆಮ್ಮೆಯಿಂದ 'ಎರಡನೇ ಮುಂಬೈ' ಎಂದೂ ಕರೆದುಕೊಳ್ಳುತ್ತಿದ್ದೆವು. ವರ್ಷಕ್ಕೆ 500 ಮಿಲಿಮೀಟರ್ ಮಳೆಯೂ ನೆಟ್ಟಗೆ ಬೀಳದ ಸೀಮೆಗೆ ಆ ಹೆಸರು ಬಂದದ್ದು ಶೇಂಗಾದಿಂದ. ಕೆಂಪು ಮರಳು ಮಣ್ಣು, ಅರೆಬರೆ ಮಳೆ, ಇಷ್ಟರಲ್ಲೇ ಕೈಹಿಡಿಯುವ ಬೆಳೆ ಅದೊಂದೇ. ಸುಗ್ಗಿಯ ದಿನಗಳಲ್ಲಿ ಮಂಡಿಯ ಮುಂದೆ ಗಾಡಿ, ಲಾರಿಗಳ ಸಾಲು. ದಲ್ಲಾಳಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಗಲಗಲ ಅಂದರೆ ಒಣಗಿದೆ, ಮಂಕಾಗಿ ಸದ್ದು ಮಾಡಿದರೆ ಹಸಿ. ಆಮೇಲೆ ನಾಲ್ಕು ಕಾಯಿ ಒಡೆದು ಬೀಜ ಕಚ್ಚಿ ನೋಡುತ್ತಿದ್ದ. ಕಾಯಿಗೆ ಬೀಜ ಎಷ್ಟು ಬೀಳುತ್ತದೆ ಎನ್ನುವುದರ ಮೇಲೆ ಧಾರಣೆ. 100 ಕೆಜಿ ಕಾಯಿಗೆ 70 ಕೆಜಿ ಆಸುಪಾಸು ಬೀಜ ಬಿದ್ದರೆ ರೈತನ ಮುಖ ಅರಳುತ್ತಿತ್ತು. ಮಿಲ್ಲಿನಲ್ಲಿ ಅದರಿಂದ 30 ಕೆಜಿಗೆ ತುಸು ಒಳಗೆ ಎಣ್ಣೆ ಇಳಿಯುತ್ತಿತ್ತು, ಉಳಿದದ್ದು ಹಿಂಡಿ.

ಗುಮಾಸ್ತರು ಎಣ್ಣೆಗಿಂತ ಹೆಚ್ಚು ಮಾತಾಡುವುದು ಎಣ್ಣೆಯಲ್ಲದ್ದರ ಬಗ್ಗೆ. ಕಾಯಿ ಸುಲಿದ ಸಿಪ್ಪೆ ಒಲೆಗೆ, ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ. ಹಿಂಡಿ ಹಾಲು ಕರೆಯುವ ಎಮ್ಮೆಗೆ, ಉಳುವ ಎತ್ತಿಗೆ. ಹೊಲದಲ್ಲಿ ಉಳಿದ ಶೇಂಗಾ ಹೊಟ್ಟು ಬಣವೆಯಾಗಿ ಬೇಸಿಗೆಯ ಮೇವಿಗೆ. ಎಣ್ಣೆ ತುಂಬಲು 15 ಕೆಜಿಯ ಡಬ್ಬ ಬೇಕು, ಅದಕ್ಕೆ ಬೆಸುಗೆ ಹಾಕುವವನು ಬೇಕು. ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿನ ತಿರುಪು ಸವೆದರೆ ಲೇತ್ ಅಂಗಡಿ ಬೇಕು. ಚೀಲ ಹೊಲಿಯುವವರು, ಕಲ್ಲು ಆರಿಸುವ ಹೆಂಗಸರು, ಕೊಕ್ಕೆ ಹಿಡಿದ ಹಮಾಲರು, ಅವರಿಗೆ ಟೀ ಮಾರುವವನು. ಒಂದು ಮಿಲ್ಲು ಎಂದರೆ ಒಂದು ಬೀದಿ. ರಾತ್ರಿ ಪಾಳಿಯಲ್ಲಿ ಬಿಸಿ ಹಿಂಡಿಯ ವಾಸನೆ ಊರ ಹೊರಗಿನ ತನಕ ಬರುತ್ತಿತ್ತು. ಹಿರಿಯೂರಿನ ಕಡೆಯಿಂದ ಬಸ್ಸಿನಲ್ಲಿ ಬರುವವರು ನಿದ್ದೆಗಣ್ಣಲ್ಲೇ, ಊರು ಬಂತು ಅನ್ನುತ್ತಿದ್ದರಂತೆ.

ಇದೆಲ್ಲ ಯಾಕೆ ಹೋಯಿತು ಎಂದು ಕೇಳಿದರೆ ನಮ್ಮೂರಿನಲ್ಲಿ ಸಿದ್ಧ ಉತ್ತರವಿದೆ: ಮಳೆ ಹೋಯಿತು, ಶೇಂಗಾ ಹೋಯಿತು, ಮಿಲ್ಲು ಹೋಯಿತು. ಸುಳ್ಳಲ್ಲ. ಮೇಲಿಂದ ಮೇಲೆ ಬರ, ಸುರುಳಿ ಪೂಚಿ, ಹಳೇ ಟಿಎಂವಿ-2 ತಳಿಯನ್ನೇ ಬಿತ್ತುತ್ತ ಬಂದ ಅನಿವಾರ್ಯತೆ, 2001ರಿಂದ ಸಾಲಾಗಿ ಮೂರು ವರ್ಷ ಕೈಕೊಟ್ಟ ಮುಂಗಾರು, ಎಲ್ಲವೂ ನಿಜ. ಆದರೆ ಬರ ಈ ಸೀಮೆಗೆ ಹೊಸ ನೆಂಟನಲ್ಲ. ಮಿಲ್ಲುಗಳು ಹುಟ್ಟಿದ್ದೂ ಬರದ ನಡುವೆಯೇ. ಮೋಡ ನೋಡಿಕೊಂಡು ಕೂತವರಿಗೆ ದಿಲ್ಲಿಯ ಕಡೆ ನೋಡಲು ಪುರುಸೊತ್ತಾಗಲಿಲ್ಲ ಎನ್ನುವುದು ನನ್ನ ಲೆಕ್ಕ.

ದಿಲ್ಲಿಯಲ್ಲಿ ಆದದ್ದು ಹೀಗೆ. 1986ರಲ್ಲಿ ತೈಲಬೀಜಗಳ ತಂತ್ರಜ್ಞಾನ ಮಿಷನ್ ಶುರುವಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳ ಹೊತ್ತಿಗೆ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯನ್ನು ಬಹುಪಾಲು ತಾನೇ ತಯಾರಿಸಿಕೊಳ್ಳುತ್ತಿತ್ತು. ಪಾಮೋಲಿನ್ ಆಗ ಸರ್ಕಾರಿ ನಿಗಮದ ಮೂಲಕ ಬಂದು ರೇಷನ್ ಅಂಗಡಿಯಲ್ಲಿ ಸಿಗುವ ಸರಕು. 1994ರಲ್ಲಿ ಅದರ ಆಮದನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟರು. ಮೊದಲು ಶೇ 65ರ ಸುಂಕವಿತ್ತು. ಮರುವರ್ಷವೇ ಶೇ 30ಕ್ಕೆ ಇಳಿಯಿತು, 1998ರ ಹೊತ್ತಿಗೆ ಶೇ 15. ಮಲೇಷ್ಯಾ, ಇಂಡೋನೇಷ್ಯಾಗಳಿಂದ ಹಡಗಿನಲ್ಲಿ ಬಂದ ಎಣ್ಣೆ ಮಂಗಳೂರು, ಕಾಕಿನಾಡದಂಥ ಬಂದರುಗಳಲ್ಲಿ ಇಳಿದು ಅಲ್ಲೇ ರಿಫೈನ್ ಆಗತೊಡಗಿತು. ಎಣ್ಣೆ ಉದ್ಯಮ ಸತ್ತಿತು ಎನ್ನುವುದು ತಪ್ಪು. ಅದು ಹೊಲದ ಪಕ್ಕದಿಂದ ಎದ್ದು ಸಮುದ್ರದ ಪಕ್ಕಕ್ಕೆ ಹೋಗಿ ಕೂತಿತು. ಈಗ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲೇ ಬರುತ್ತದೆ.

ಇಲ್ಲಿನ ಮಿಲ್ಲುಗಳು ಹೋರಾಡಬಹುದಿತ್ತಲ್ಲ? ಎರಡು ಸಂಗತಿಗಳನ್ನು ಯಾರೂ ನೆನೆಯುವುದಿಲ್ಲ. ಒಂದು, ಶೇಂಗಾ ಎಣ್ಣೆ ತೆಗೆಯುವ ಕೆಲಸ ಸಣ್ಣ ಕೈಗಾರಿಕೆಗಳಿಗೆಂದು ಮೀಸಲಿಟ್ಟ ಪಟ್ಟಿಯಲ್ಲಿತ್ತು. ನಮ್ಮಂಥ ಊರುಗಳನ್ನು ಉಳಿಸುವ ಒಳ್ಳೆಯ ಉದ್ದೇಶದ ಕಾನೂನೇ. ಆದರೆ ಅದರ ಪ್ರಕಾರ ಮಿಲ್ಲು ಒಂದು ಮಿತಿ ಮೀರಿ ಬೆಳೆಯುವಂತಿರಲಿಲ್ಲ. ಬೆಳೆಯಬೇಕೆಂದವರು ತಮ್ಮನ ಹೆಸರಲ್ಲೊಂದು, ಅಳಿಯನ ಹೆಸರಲ್ಲೊಂದು ಮಿಲ್ಲು ತೆರೆದರು ಎಂದು ಗುಮಾಸ್ತರು ನಗುತ್ತಾರೆ. ಲೆಕ್ಕದ ಪುಸ್ತಕ ಬೇರೆ ಬೇರೆ, ಗಲ್ಲಾಪೆಟ್ಟಿಗೆ ಒಂದೇ. ಬಂದರಿನ ರಿಫೈನರಿಗೆ ಇಂಥ ಕಟ್ಟುಪಾಡಿರಲಿಲ್ಲ. ಕೈ ಕಟ್ಟಿದವನನ್ನು ಕುಸ್ತಿ ಅಖಾಡಕ್ಕೆ ಇಳಿಸಿದಂತಾಯಿತು. ಆ ಪಟ್ಟಿಯಲ್ಲಿ ಕಟ್ಟಕಡೆಗೆ ಉಳಿದಿದ್ದ 20 ವಸ್ತುಗಳನ್ನು 2015ರ ಏಪ್ರಿಲಿನಲ್ಲಿ ತೆಗೆದುಹಾಕಿದರು. ಅದರಲ್ಲಿ ಶೇಂಗಾ ಎಣ್ಣೆಯೂ ಇತ್ತು. ಕಟ್ಟು ಬಿಚ್ಚುವ ಹೊತ್ತಿಗೆ ಕುಸ್ತಿ ಮುಗಿದು ಜನ ಮನೆಗೆ ಹೋಗಿದ್ದರು.

ಎರಡನೆಯದು 1998ರ ಸಂಗತಿ. ಆ ವರ್ಷ ದಿಲ್ಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಜನ ಸತ್ತರು. ದತ್ತೂರಿಯ ಬೀಜದೆಣ್ಣೆ ಬೆರೆಸಿದ್ದರು. ಅದರ ಬೆನ್ನಿಗೇ ಅಡುಗೆ ಎಣ್ಣೆಯನ್ನು ಬಿಡಿಯಾಗಿ ಮಾರಬಾರದು, ಪ್ಯಾಕ್ ಮಾಡಿಯೇ ಮಾರಬೇಕು ಎಂಬ ಆದೇಶ ಬಂತು. ಜನರ ಜೀವದ ಪ್ರಶ್ನೆ, ಆದೇಶ ತಪ್ಪೆನ್ನಲಾಗದು. ಆದರೆ ಡ್ರಮ್ಮು, ಡಬ್ಬಗಳಲ್ಲಿ ಮಾರಿ, ಅಂಗಡಿಯವನು ಲೀಟರಿನಲ್ಲಿ ಅಳೆದು ಕೊಡುವ ಪದ್ಧತಿಗೆ ಒಗ್ಗಿದ ಮಿಲ್ಲಿಗೆ ಪ್ಯಾಕಿಂಗ್ ಯಂತ್ರ, ಬ್ರ್ಯಾಂಡು, ಟಿವಿ ಜಾಹೀರಾತು ಎಲ್ಲಿಂದ ಬರಬೇಕು? ದಿಲ್ಲಿಯ ಸಾಸಿವೆ ಎಣ್ಣೆಗೂ ಚಳ್ಳಕೆರೆಯ ಶೇಂಗಾ ಎಣ್ಣೆಗೂ ಸಂಬಂಧವೇ ಇರಲಿಲ್ಲ. ಎತ್ತಿಗೆ ಬಂದ ಜ್ವರಕ್ಕೆ ಎಮ್ಮೆಗೆ ಬರೆ.

ಮಿಲ್ಲುಗಳು ಹೊರಟ ರೀತಿಯನ್ನೂ ನೋಡಬೇಕು. ಬೀಗ ಹಾಕಿದ ದಿನ ಎಂದು ಯಾರೂ ಒಂದು ತಾರೀಖು ಹೇಳಲಾರರು. ಮೊದಲು ರಾತ್ರಿ ಪಾಳಿ ನಿಂತಿತು. ಆಮೇಲೆ ಸುಗ್ಗಿಯಲ್ಲಿ ಮಾತ್ರ ಮಿಲ್ಲು. ಒಂದು ವರ್ಷ, ಈ ಸಲ ರಿಪೇರಿ ಬೇಡ, ಮುಂದಿನ ವರ್ಷ ನೋಡೋಣ ಎಂದರು. ಮಾಲೀಕರ ಮಗ ಎಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋದ, ಬಹುಶಃ ಇದೇ ಬೆಳ್ಳಂದೂರಿಗೆ. ಎಕ್ಸ್‌ಪೆಲ್ಲರನ್ನು ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ದ. ಗುಮಾಸ್ತರು ಬರೆದ ಕೊನೆಯ ಜಮಾ ಅದೇ: ಕಬ್ಬಿಣ, ಇಷ್ಟು ಕ್ವಿಂಟಲ್. ಜಾಗ ಸೈಟಾಯಿತು, ಗೋದಾಮಾಯಿತು, ಕಲ್ಯಾಣ ಮಂಟಪವಾಯಿತು. ಈಗಲೂ ಕೆಲವು ಮಿಲ್ಲುಗಳು ನಡೆಯುತ್ತಿವೆ, ಮಂಡಿಯೂ ಇದೆ, ಸುಗ್ಗಿಯೂ ಬರುತ್ತದೆ. ಇಲ್ಲವಾದದ್ದು ಬೀದಿ. ಡಬ್ಬದವನು, ಲೇತಿನವನು, ಚೀಲದವಳು ಒಬ್ಬರಿಗೊಬ್ಬರು ಕಟ್ಟಿಕೊಂಡಿದ್ದ ಗಂಟು ಬಿಚ್ಚಿಹೋಯಿತು. ಈಚೆಗೆ ಬೆಂಗಳೂರಿನವರಿಗೆ ಮರದ ಗಾಣದ ಎಣ್ಣೆಯ ಹುಚ್ಚು ಹಿಡಿದಿದೆ. ರಿಫೈನ್ಡ್ ಎಣ್ಣೆಯ ದುಪ್ಪಟ್ಟು ಬೆಲೆ ಕೊಟ್ಟು ಗಾಜಿನ ಬಾಟಲಿಯಲ್ಲಿ ಕೊಳ್ಳುತ್ತಾರೆ. ಬಾಟಲಿಯ ಮೇಲೆ ಚಳ್ಳಕೆರೆಯ ಹೆಸರನ್ನು ನಾನಿನ್ನೂ ಕಂಡಿಲ್ಲ.

ಪಕ್ಕದ ಮೊಳಕಾಲ್ಮೂರಿನ ಕತೆ ಬೇರೆ ಥರ. ಅಲ್ಲಿ ಯಂತ್ರ ಹೋಗಲಿಲ್ಲ, ಯಾಕೆಂದರೆ ಅಲ್ಲಿನ ತಂತ್ರಜ್ಞಾನ ಇದ್ದದ್ದು ಕೈಕಾಲುಗಳಲ್ಲಿ. ಮೊಳಕಾಲ್ಮೂರು ಪಟ್ಟಣ, ಕೊಂಡ್ಲಹಳ್ಳಿ, ಕೋನಸಾಗರಗಳ ಗುಂಡಿ ಮಗ್ಗಗಳಲ್ಲಿ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಬರುವಂತೆ ಲಾಳಿ ಬದಲಿಸುತ್ತ ನೇಯುವ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಹಾರ, ತುರಾಯಿ, ಸನ್ಮಾನ. ಅದೇ 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾ ನೂಲು ಅಗ್ಗವಾದರೆ ನೇಕಾರನಿಗೆ ಲಾಭವಲ್ಲವೇ ಎಂದರೆ, ಹೌದು. ಆದರೆ ಅದೇ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಗೂಡು ಕಟ್ಟಿಸುವವನ ಹೊಟ್ಟೆಗೆ ಅದು ಕುತ್ತು. ಒಂದೇ ಊರಿನಲ್ಲಿ ಒಬ್ಬನಿಗೆ ಹಬ್ಬ, ಇನ್ನೊಬ್ಬನಿಗೆ ಸೂತಕ. ಸುಂಕ ಎರಡು ವರ್ಷಕ್ಕೆ ಶೇ 15ಕ್ಕೆ ಏರಿತು, ನಿಜ. ಆದರೆ ಗಿಡ ಕಿತ್ತು ಹಾಕಿದವನು ಬಜೆಟ್ಟು ನೋಡಿಕೊಂಡು ಮತ್ತೆ ನೆಡುವುದಿಲ್ಲ.

ಕೈಮಗ್ಗಕ್ಕೂ ಮೀಸಲು ಕಾಯ್ದೆಯಿದೆ, 1985ರದ್ದು. ಇಂತಿಂಥ ಬಟ್ಟೆಯನ್ನು ವಿದ್ಯುತ್ ಮಗ್ಗದಲ್ಲಿ ನೇಯಬಾರದು ಎನ್ನುತ್ತದೆ. ಆದರೂ ಪವರ್‌ಲೂಮಿನ ನಕಲು ಬೆಂಗಳೂರಿನ ಅಂಗಡಿಯಲ್ಲಿ ಕೈಮಗ್ಗದ ಸೀರೆಯ ಪಕ್ಕದಲ್ಲೇ ಮಡಚಿ ಕೂತಿರುತ್ತದೆ. ಸೀರೆಯನ್ನು ತಿರುಗಿಸಿ ಹಿಂಬದಿಯ ದಾರ ನೋಡಿ ಗುರುತಿಸುವ ಗಿರಾಕಿಗಳು ಎಷ್ಟು ಜನ ಉಳಿದಿದ್ದಾರೆ? ನೇಕಾರರ ಮಕ್ಕಳು ಮಗ್ಗದ ಗುಂಡಿಗೆ ಕಾಲಿಡಲು ಒಲ್ಲೆ ಎಂದರೆ ನಾನಂತೂ ಬೈಯಲಾರೆ. ಬೆಳಗಿನಿಂದ ಸಂಜೆಯ ತನಕ ಸೊಂಟ ಬಗ್ಗಿಸಿ ಕೂತವರ ಬೆನ್ನು ನೋವಿನ ಮೇಲೆ ಪರಂಪರೆಯ ಬಗ್ಗೆ ಭಾಷಣ ಮಾಡುವುದು ಸುಲಭ.

ಇನ್ನು ಮೂರನೆಯ ಕತೆ. ಎಣ್ಣೆ ಹೋದ ಸೀಮೆಗೆ ವಿಜ್ಞಾನ ಬಂದ ಕತೆ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಕಳೆದ ಹದಿನೈದು ವರ್ಷಗಳಿಂದ ದೇಶದ ಅತಿ ದೊಡ್ಡ ಸಂಸ್ಥೆಗಳು ನೆಲೆಯೂರಿವೆ. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573. ಇವು ಯಾರೂ ಮೇಯಿಸದ ಬೀಳು ಭೂಮಿಯಾಗಿರಲಿಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ ಬಂದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ದನಗಳ ಹುಲ್ಲುಗಾವಲು. ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಮೇಯಿಸುವುದು ಇಂಥ ನೆಲದಲ್ಲೇ, ಕಾಡುಗೊಲ್ಲರ ಕುರಿಗಳು ತಿರುಗಾಡುವುದೂ ಇಲ್ಲೇ. ಗೋಡೆ ಏಳತೊಡಗಿದಾಗಲೇ ನಮಗೆ ವಿಷಯ ಗೊತ್ತಾದದ್ದು ಎಂದು ಸುತ್ತಲಿನ ಹಳ್ಳಿಗಳವರು ದೂರಿದರು. ಹಸಿರು ನ್ಯಾಯಮಂಡಳಿಯ ತನಕ ಜಗಳ ಹೋಯಿತು, 2014ರಲ್ಲಿ ಆದೇಶವೂ ಬಂತು. ಗೋಡೆ ಉಳಿಯಿತು.

ಗೋಡೆಯ ಒಳಗೆ ನಡೆಯುವುದು ಸಣ್ಣ ಕೆಲಸವಲ್ಲ, ಅದಕ್ಕೆ ಹೆಮ್ಮೆಪಡಬೇಕು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವನ್ನು 2017ರ ಮೇನಲ್ಲಿ ಅರುಣ್ ಜೇಟ್ಲಿ ಉದ್ಘಾಟಿಸಿದರು. 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರು ಇಸ್ರೊದ ರೆಕ್ಕೆಯ ರಾಕೆಟ್ಟನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಬಂದು ನಮ್ಮ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ 'ಪುಷ್ಪಕ್' ಎಂದು ಹೆಸರಿಟ್ಟ ರಾಕೆಟ್ಟು ಇನ್ನೂ ಎರಡು ಸಲ ಇಳಿಯಿತು, ಕೊನೆಯ ಸಲ ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ. ಟಿವಿಯಲ್ಲಿ ಚಳ್ಳಕೆರೆ ಎಂಬ ಹೆಸರು ಕೇಳಿ ದುಬೈನಲ್ಲಿರುವ ನಮ್ಮೂರಿನ ಹುಡುಗನೊಬ್ಬ ಫೋನು ಮಾಡಿ, ಅಣ್ಣಾ, ಊರು ಉದ್ಧಾರ ಆಯ್ತಾ ಎಂದು ಕೇಳಿದ್ದ.

ಏನೆಂದು ಹೇಳಲಿ? ರಾಕೆಟ್ಟು ಇಳಿದ ದಿನ ಊರಿನಲ್ಲಿ ಒಂದು ಟೀ ಹೆಚ್ಚಾಗಿ ಮಾರಾಟವಾಗಲಿಲ್ಲ. ಇದು ಆ ಸಂಸ್ಥೆಗಳ ತಪ್ಪಲ್ಲ, ಕಾವಲಿನಲ್ಲಿ ಅಂಗಡಿ ತೆರೆಯಲು ಅವರು ಬಂದದ್ದಲ್ಲ. ಆದರೆ ವಿಜ್ಞಾನ ನಗರಿ ಎಂದು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿದವರಿಗೆ, ನಗರಿ ಎಂದರೆ ಬೀದಿ ಎಂಬುದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ. ಇಲ್ಲಿಗೆ ಬೇಕಾದ ಬಿಡಿಭಾಗ, ಯಂತ್ರ, ತಜ್ಞರು ಎಲ್ಲವೂ ಬೆಂಗಳೂರಿನಿಂದ ಬಂದು ಬೆಂಗಳೂರಿಗೇ ಹೋಗುತ್ತವೆ. ಚಳ್ಳಕೆರೆಯ ಲೇತ್ ಅಂಗಡಿಯವನು ಎಕ್ಸ್‌ಪೆಲ್ಲರಿನ ತಿರುಪು ಕಡೆದವನು. ಅವನ ಮಗನಿಗೆ ಅಲ್ಲಿನ ಯಾವ ತಿರುಪೂ ಸಿಗಲಿಲ್ಲ. ಸಿಕ್ಕದ್ದು ಗೇಟಿನ ಕಾವಲು, ತೋಟದ ಕೆಲಸ, ಗುತ್ತಿಗೆ. ಕುದಾಪುರದಲ್ಲಿ ವಿಜ್ಞಾನ ಸಂಸ್ಥೆ ಶಾಲಾ ಕಾಲೇಜುಗಳ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ಅಲ್ಲಿ ಪ್ರಯೋಗ ಕಲಿತು ಬಂದ ಮೇಷ್ಟ್ರುಗಳು ಆ ಬಗ್ಗೆ ಮಾತಾಡುವಾಗ ಅವರ ಕಣ್ಣಿನಲ್ಲಿ ಬೆಳಕಿರುತ್ತದೆ. ಇಡೀ ಗೋಡೆಯಲ್ಲಿ ಊರಿನ ಕಡೆಗೆ ನಿಜವಾಗಿ ತೆರೆದ ಬಾಗಿಲು ಎಂದರೆ ನನಗೆ ಕಾಣುವುದು ಅದೊಂದೇ.

ಹೀಗಾಗಿ ಬೆಂಗಳೂರಿನಿಂದ ಕಂಪನಿಗಳು ಹೊರಟರೆ ನಮ್ಮ ಕಡೆ ಬರಲಿ ಎಂಬ ಮಾತು 2025ರಲ್ಲಿ ಎದ್ದಾಗ ನನಗೆ ಅಂಥ ಉತ್ಸಾಹ ಬರಲಿಲ್ಲ. ಜುಲೈಯಲ್ಲಿ ದೇವನಹಳ್ಳಿಯ 1,777 ಎಕರೆ ಭೂಸ್ವಾಧೀನವನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಕೈಬಿಟ್ಟ ಕೂಡಲೇ ಲೋಕೇಶ್ ಅವರು ವಿಮಾನ ಉದ್ಯಮಗಳನ್ನೂ ಕರೆದರು. ಬೆಂಗಳೂರಿನ ಮಗ್ಗುಲಲ್ಲೇ ನಮ್ಮ ಜಮೀನಿದೆ ಎಂದರು. ಮೊಳಕಾಲ್ಮೂರಿನಿಂದ ಗಡಿ ದಾಟಿದರೆ ಆಂಧ್ರದ ರಾಯದುರ್ಗ, ಅದೇ ಕೆಂಪು ಮಣ್ಣು, ಅದೇ ಶೇಂಗಾ, ಅದೇ ಬರ. ನಾವೂ ಅವರೂ ಜಮೀನು ತೋರಿಸುವ ಪೈಪೋಟಿಗೆ ಬಿದ್ದರೆ ಗೆಲ್ಲುವುದು ಜಮೀನು ಪಡೆದವನು ಮಾತ್ರ. ಬೆಂಗಳೂರಿನಲ್ಲೂ ಹೀಗೆ ಹೋಗಿ ಬಂದದ್ದು ಬೇಕಾದಷ್ಟಿದೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ, ಎಚ್‌ಎಂಟಿ ಗಡಿಯಾರ ನಿಂತಿದೆ. 2022ರ ಮಳೆಯಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಅಲ್ಲಿನ ಕಂಪನಿಗಳ ಸಂಘ 225 ಕೋಟಿ ರೂಪಾಯಿ ನಷ್ಟ ಎಂದು ಸರ್ಕಾರಕ್ಕೆ ಪತ್ರ ಬರೆಯಿತು. ಬರೆದವರು ಇನ್ನೂ ಅಲ್ಲೇ ಇದ್ದಾರೆ. ಕೆಲಸಗಾರ, ಗಿರಾಕಿ, ಬಂಡವಾಳ, ಎದುರಾಳಿ ಎಲ್ಲರೂ ಒಂದೇ ರಸ್ತೆಯಲ್ಲಿರುವಾಗ ಗುಂಡಿ ಇದೆ ಎಂದು ಯಾರೂ ಊರು ಬಿಡುವುದಿಲ್ಲ. ಆ ಗಂಟು ಸಡಿಲವಾದ ದಿನ ರಸ್ತೆ ಕನ್ನಡಿಯಂತಿದ್ದರೂ ನಿಲ್ಲುವುದಿಲ್ಲ. ಬೆಂಗಳೂರು ಹೆದರಬೇಕಾದದ್ದು ಪೋಸ್ಟು ಹಾಕುವವರಿಗಲ್ಲ, ಸುಮ್ಮನೆ ರಾತ್ರಿ ಪಾಳಿ ನಿಲ್ಲಿಸುವವರಿಗೆ.

ಈ ಸೀಮೆಗೆ ಊರು ಖಾಲಿಯಾಗುವುದು ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಅದನ್ನು ಬರೆದ ಚಪಡ ಎಂಬವನು ತನ್ನ ಹೆಸರನ್ನೂ ಕೆತ್ತಿಸಿದ್ದಾನೆ, ಲಿಪಿಕಾರ ಎಂಬ ಪದವನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ. ಅಷ್ಟು ದೂರದ ವಿದ್ಯೆ ಬಲ್ಲವನೊಬ್ಬ ಕೆಲಸ ಹುಡುಕಿಕೊಂಡು ಬರುವಂಥ ಊರಾಗಿತ್ತು ಇಸಿಲ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದರು. ಮಣ್ಣಿನ ಪದರಗಳು ಸಿಕ್ಕವು, ಮಡಕೆ ಸಿಕ್ಕಿತು. ಅಧಿಕಾರಿಗಳು ಎಂದು ಹೊರಟರು ಎನ್ನುವುದು ಸಿಗಲಿಲ್ಲ. ಅವರೂ ಹೇಳದೆ ಹೋಗಿರಬೇಕು.

ಈಗ ಮಾತು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಮೇಲೆ ನಿಂತಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿಗೆ ನಮ್ಮ ಚಿತ್ರದುರ್ಗ ಜಿಲ್ಲೆ ಇನ್ನೂ ಕಾಯುತ್ತಿದೆ. ನೀರು ಬಂದರೆ ಶೇಂಗಾ ಬಿತ್ತುತ್ತೀರಾ ಎಂದು ಹೋಟೆಲಿನಲ್ಲಿ ಕೂತಿದ್ದ ರೈತರೊಬ್ಬರನ್ನು ಕೇಳಿದೆ. "ನೀರು ಬಂದ್ರೆ ಅಡಿಕೆ ಇಡ್ತೀನಿ ಸ್ವಾಮಿ" ಎಂದರು. ಅಡಿಕೆಯ ಆಮದು ಸುಂಕ ಎಷ್ಟಿದೆ ಗೊತ್ತಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಬಾಣಲೆಯ ಹತ್ತಿರ ಹುಡುಗ ಹೊಸ ಡಬ್ಬ ಒಡೆದು ಎಣ್ಣೆ ಸುರಿಯುತ್ತಿದ್ದ. ಗುಮಾಸ್ತರು ಅತ್ತ ತಿರುಗಿ ನೋಡಲೂ ಇಲ್ಲ, ಮೂಗು ಅರಳಿಸಿದರು ಅಷ್ಟೆ. "ಪಾಮೋಲಿನ್. ಮಂಗಳೂರಿಂದ ಬಂದಿದ್ದು" ಎಂದರು. ಆಮೇಲೆ ಇನ್ನೊಂದು ಪ್ಲೇಟು ಮೆಣಸಿನಕಾಯಿಗೆ ಹೇಳಿದರು.